ಪ್ಯಾಂಥರ್

‘ಪ್ಯಾಂಥರ್’ ಎಂದೊಡನೆ ಕಣ್ಣಿಗೆ ಕಟ್ಟುವುದು ಕರಿ ಟೊಪ್ಪಿ, ಚರ್ಮದ ಜಾಕೆಟ್, ಕೈಯಲ್ಲಿ ಬಂದೂಕು. ಆ ಚಿತ್ರ ಸುಳ್ಳಲ್ಲ. ಆದರೆ ಈ ಪದವನ್ನು ಕಪ್ಪು ಜನರ ಚಳವಳಿಗೆ ತಂದದ್ದು ಬಂದೂಕಲ್ಲ, ಮತಪತ್ರ. ಅಮೆರಿಕದ ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 80 ಮಂದಿ ಕಪ್ಪು ಜನರಿದ್ದರು. 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಹೆಸರು ಬರೆಸಲು ಹೋದ ಗೇಣಿದಾರರನ್ನು ಜಮೀನುದಾರರು ಒಕ್ಕಲೆಬ್ಬಿಸಿದರು. ಅವರಲ್ಲಿ ಹಲವರು ಡೇರೆಗಳಲ್ಲಿ ದಿನ ನೂಕಿದರು. ರಾಜ್ಯದ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಆಗ ಬಿಳಿ ಹುಂಜವಾಗಿತ್ತು. ಬಿಳಿಯರ ಮೇಲುಗೈ ಸಾರುವ ಘೋಷಣೆ ಬಹುಕಾಲ ಅದರ ಜೊತೆಗಿತ್ತು. ಜಾನ್ ಹ್ಯೂಲೆಟ್ ಮುಂತಾದ ಸ್ಥಳೀಯರು, ನಾಗರಿಕ ಹಕ್ಕುಗಳ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಮತ್ತವರ ಸಂಗಾತಿಗಳು ಸೇರಿ ತಮ್ಮದೇ ಪಕ್ಷ ಕಟ್ಟಿ, ಓದುಬರಹ ಬಾರದವರೂ ಗುರುತಿಸುವಂಥ ಕರಿಚಿರತೆಯನ್ನು ಚಿಹ್ನೆಯಾಗಿ ಆರಿಸಿಕೊಂಡರು. ಚಿಹ್ನೆಯ ಬೆಲೆಯನ್ನು ನಮ್ಮ ಮತದಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. 1966ರ ನವೆಂಬರಿನಲ್ಲಿ ಆ ಪಕ್ಷದ ಅಭ್ಯರ್ಥಿಗಳು ಸೋತರು. 1970ರಲ್ಲಿ ಹ್ಯೂಲೆಟ್ ಅದೇ ಕೌಂಟಿಯ ಶೆರಿಫ್ ಆಗಿ ಗೆದ್ದರು.

ಚಿರತೆಯನ್ನು ಲೋಕಪ್ರಸಿದ್ಧ ಮಾಡಿದ್ದು ಬಂದೂಕೇ ಅಲ್ಲವೇ ಎಂದು ಕೇಳಬಹುದು. ಹೌದು. 1966ರ ಅಕ್ಟೋಬರಿನಲ್ಲಿ ಓಕ್ಲೆಂಡಿನಲ್ಲಿ ಹ್ಯೂಯಿ ನ್ಯೂಟನ್, ಬಾಬಿ ಸೀಲ್ ಅದೇ ಚಿಹ್ನೆ ಹೊತ್ತು ಕಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರಿನಲ್ಲೇ ‘ಆತ್ಮರಕ್ಷಣೆ’ ಇತ್ತು; 1967ರ ಮೇನಲ್ಲಿ ಅದರ ಸದಸ್ಯರು ಶಸ್ತ್ರ ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಗೇ ನಡೆದರು. ಪಕ್ಷದೊಳಗೆ ನಡೆದ ಹಿಂಸೆಯನ್ನೂ ಮರೆಮಾಚಬಾರದು. ಆದರೂ ಸರ್ಕಾರ ಬೆದರಿದ್ದು ಬಂದೂಕಿಗೆ ಮಾತ್ರವಲ್ಲ. 1969ರಿಂದ ಪಕ್ಷ ಬಡ ಮಕ್ಕಳಿಗೆ ಶಾಲೆಗೆ ಮುನ್ನ ಉಚಿತ ಉಪಾಹಾರ ಬಡಿಸಿತು, ದವಾಖಾನೆ ತೆರೆಯಿತು, ಕಪ್ಪು ಜನರನ್ನು ಕಾಡುವ ಸಿಕಲ್ ಸೆಲ್ ರಕ್ತಹೀನತೆಗೆ ತಪಾಸಣೆ ನಡೆಸಿತು. ಎಫ್‌ಬಿಐ ಮುಖ್ಯಸ್ಥ ಹೂವರ್ ಆ ಉಪಾಹಾರವನ್ನೂ ಅಪಾಯವೆಂದೇ ಬಗೆದರು. ಹಸಿದ ಮಗುವಿಗೆ ಊಟ ಹಾಕುವವರನ್ನು ಊರು ನಂಬುತ್ತದೆ. ಆ ನಂಬಿಕೆಯನ್ನು ಮುರಿಯುವುದು ಕಷ್ಟ. ಉಪಾಹಾರದ ಕೆಲಸವನ್ನು ಶಿಕಾಗೋದಲ್ಲಿ ಮುನ್ನಡೆಸಿದ, ಬೇರೆ ಬಣ್ಣದ ಬಡವರನ್ನೂ ಒಗ್ಗೂಡಿಸುತ್ತಿದ್ದ ಫ್ರೆಡ್ ಹ್ಯಾಂಪ್ಟನ್ ಅವರನ್ನು 1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ಮನೆಗೆ ನುಗ್ಗಿ ಕೊಂದರು. ಅವರಿಗೆ ಬರೀ 21 ವರ್ಷ.

ಈ ಹೆಸರು ಭಾರತಕ್ಕೂ ಬಂತು. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ್, ಜ.ವಿ. ಪವಾರ್ ಮೊದಲಾದವರು ದಲಿತ ಪ್ಯಾಂಥರ್ಸ್ ಕಟ್ಟಿದರು. ಅದು ಅನುಕರಣೆ ಎಂದವರಿದ್ದಾರೆ, ಒಪ್ಪಲಾಗದು. ಅದರ ಬೇರು ಅಂಬೇಡ್ಕರ್ ಅವರ ಹೋರಾಟದಲ್ಲಿತ್ತು, ಓಕ್ಲೆಂಡಿನಿಂದ ಬಂದದ್ದು ಹೆಸರು ಮತ್ತು ಕೆಚ್ಚು. ತಮಿಳುನಾಡಿನಲ್ಲಿ ಚಿರತೆಯ ಹೆಸರನ್ನೇ ಹೊತ್ತ ದಲಿತ ಸಂಘಟನೆ ವರ್ಷಗಟ್ಟಲೆ ಚುನಾವಣೆಯನ್ನು ಬಹಿಷ್ಕರಿಸಿ, 1999ರಲ್ಲಿ ತಾನೇ ಕಣಕ್ಕಿಳಿಯಿತು.