ಚಕ್ರದೊಳಗಿನ ಬಣ್ಣ

ದಸರಾ ಹತ್ತಿರ ಬಂದಾಗ ಒಬ್ಬ ಹುಡುಗ ತನ್ನ ಸ್ವಿಫ್ಟ್ ಕಾರನ್ನು ನಮ್ಮ ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ಹೊಸದಾಗಿ ಅಲಾಯ್ ವೀಲ್ ಹಾಕಿಸಿದ್ದ. ಅಗಲವಾದ ಐದು ಕಡ್ಡಿ, ನಡುವೆ ಅಂಗೈ ತೂರುವಷ್ಟು ಸಂದು. ಆ ಸಂದಿನಲ್ಲಿ ತುಕ್ಕು ಹಿಡಿದ ಬ್ರೇಕ್ ಕ್ಯಾಲಿಪರ್ ಕಾಣುತ್ತಿತ್ತು. ಮೊಬೈಲಿನಲ್ಲಿ ಒಂದು ಪೋರ್ಶೆ ಕಾರಿನ ಫೋಟೊ ತೋರಿಸಿ ಕೇಳಿದ: "ಅಣ್ಣಾ, ಹಬ್ಬಕ್ಕೆ ಮುಂಚೆ ಹಿಂಗೆ ಕೆಂಪಗೆ ಮಾಡ್ಕೊಡ್ತೀರಾ?"

ನಾನು ಬಾಪೂಜಿನಗರಕ್ಕೆ ಬಂದದ್ದು 1981ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಅಂದಿನಿಂದ ವಾಹನಕ್ಕೆ ಬಣ್ಣ ಹೊಡೆಯುತ್ತಲೇ ಇದ್ದೇನೆ. ನನ್ನ ಕಸುಬಿನ ಮೊದಲ ಇಪ್ಪತ್ತು ವರ್ಷ ಬ್ರೇಕಿಗೆ ಚೆಂದದ ಬಣ್ಣ ಬೇಕೆಂದು ಯಾರೂ ಕೇಳಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ, ಏಕೆಂದರೆ ಬ್ರೇಕು ಕಣ್ಣಿಗೆ ಬೀಳುವ ವಸ್ತುವಾಗಿರಲಿಲ್ಲ. ಅದು ಹೇಗೆ ಕಣ್ಣಿಗೆ ಬಿತ್ತು, ಬಿದ್ದ ಮೇಲೆ ನಮ್ಮ ಕೆಲಸ ಏನಾಯಿತು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ.

ಚಕ್ರಕ್ಕೆ ಬಣ್ಣ ಬಳಿಯುವುದು ನನಗೇನೂ ಹೊಸದಲ್ಲ. ಮಾಗಡಿ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪನ ಎತ್ತಿನ ಗಾಡಿಯಿತ್ತು. ಹಬ್ಬ ಬಂತೆಂದರೆ ಚಕ್ರದ ಗುಂಬಕ್ಕೆ ಕೆಮ್ಮಣ್ಣು ಬಳಿದು, ಅದರ ಮೇಲೆ ಸುಣ್ಣದ ಬೊಟ್ಟು ಇಡುವುದು ಮಕ್ಕಳ ಕೆಲಸ. ಅಚ್ಚಿಗೆ ಕೀಲೆಣ್ಣೆ ಹಾಕುವುದು ಮಾತ್ರ ಅಪ್ಪನದೇ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ ತಾನೇ ಮಾಡಿಕೊಳ್ಳುತ್ತಿದ್ದ, ತಾನೇ ಹಾಕುತ್ತಿದ್ದ. ಕೆಮ್ಮಣ್ಣಿನ ಕೈಯಲ್ಲಿ ಅಚ್ಚು ಮುಟ್ಟಿದರೆ ಬೆನ್ನಿಗೆ ಬೀಳುತ್ತಿತ್ತು. ಮಣ್ಣಿನ ಹರಳು ಅಚ್ಚಿನೊಳಗೆ ಸೇರಿದರೆ ಕೀಲೆಣ್ಣೆ ಇದ್ದೂ ಅಚ್ಚು ಸವೆಯುತ್ತದೆ. ಇದನ್ನು ಅಪ್ಪ ಬಾಯಲ್ಲಿ ಹೇಳಿದವನಲ್ಲ, ಆ ಏಟಿನಲ್ಲೇ ಕಲಿಸಿದ.

ಬಾಪೂಜಿನಗರದ ಓಣಿಗಳಿಗೆ ಗ್ಯಾರೇಜುಗಳು ಯಾಕೆ ಬಂದವೆಂದು ಕೇಳಿದರೆ ಮೈಸೂರು ರಸ್ತೆಯ ಕಡೆ ಕೈ ತೋರಿಸಬೇಕು. ಮಂಡ್ಯ, ಮೈಸೂರು, ಕೊಡಗಿನ ವಾಹನಗಳೆಲ್ಲ ಊರೊಳಗೆ ಬರುವ ದಾರಿ ಇದು. ದೀಪಾಂಜಲಿನಗರದಲ್ಲಿ ಬಸ್ ಡಿಪೋ, ರಸ್ತೆಯಂಚಿಗೆ ಟ್ರಾನ್ಸ್‌ಫಾರ್ಮರ್ ಮಾಡುವ ಕವಿಕಾ, ಕೆಂಗೇರಿಯಲ್ಲಿ ಸಾರಿಗೆ ಸಂಸ್ಥೆಯ ವರ್ಕ್‌ಶಾಪು. ಸಾಮಾನು ಬೇಕೆಂದರೆ ಆಗಿನ ಬಿಟಿಎಸ್ ಬಸ್ ಹತ್ತಿ ಮಾರ್ಕೆಟ್ಟಿಗೆ ಹೋಗಿ, ಅಲ್ಲಿಂದ ಜೆ.ಸಿ. ರಸ್ತೆಯ ಅಂಗಡಿಗಳಿಗೆ ನಡೆದರಾಗುತ್ತಿತ್ತು. ಇದೆಲ್ಲದರ ಜೊತೆಗೆ ಗಾಳಿ ಆಂಜನೇಯನ ಗುಡಿ. ವ್ಯಾಸರಾಯರು ಪ್ರತಿಷ್ಠೆ ಮಾಡಿದ್ದೆಂದು ಹೇಳುವ ಆ ಗುಡಿಯ ಮುಂದೆ ಹೊಸ ಗಾಡಿ ನಿಲ್ಲಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸದೆ ಈ ಭಾಗದವರು ಗಾಡಿ ಮನೆಗೊಯ್ಯುವುದಿಲ್ಲ. ಗಾಡಿಯ ಮೊದಲ ದಿನ ಗುಡಿಯಲ್ಲಿ, ಮೊದಲ ಡೆಂಟು ನಮ್ಮಲ್ಲಿ.

ನನಗೆ ಕೆಲಸ ಕಲಿಸಿದವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ವರ್ಷ ಕೈಗೆ ಸ್ಪ್ರೇ ಗನ್ ಕೊಡಲಿಲ್ಲ. ವಾಟರ್ ಪೇಪರ್ ಹಿಡಿದು ಪುಟ್ಟಿ ತಿಕ್ಕುವುದು, ಹಳೇ ನ್ಯೂಸ್‌ಪೇಪರಿಗೆ ಟೇಪು ಅಂಟಿಸಿ ಗಾಜು, ಲೈಟು, ರಬ್ಬರು ಮುಚ್ಚುವುದು, ಅಷ್ಟೇ. "ಪೇಂಟ್ ಅಂದ್ರೆ ಮುಚ್ಚೋ ಕೆಲಸ ಕಣೋ. ಮುಚ್ಚಬಾರದ್ದಕ್ಕೆ ಮೊದಲು ಪೇಪರ್ ಕಟ್ಟು" ಎನ್ನುತ್ತಿದ್ದರು. ಅವರು ಹೊಡೆಯುತ್ತಿದ್ದುದು ಡ್ಯೂಕೋ. ಅದು ನಿಜಕ್ಕೂ ಅಮೆರಿಕದ ಡ್ಯುಪಾಂಟ್ ಕಂಪನಿ ತನ್ನ ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಇಟ್ಟ ಹೆಸರು. ಅದಕ್ಕೂ ಮುಂಚೆ ಸಾರೋಟಿಗೆ ಬಳಿದಂತೆ ಕಾರಿಗೂ ಬ್ರಷ್ಷಿನಲ್ಲಿ ವಾರ್ನಿಷ್ ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಡ್ಯೂಕೋ ಬಂದ ಮೇಲೆ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಯಾವ ಕಂಪನಿಯ ಡಬ್ಬ ತೆರೆದರೂ ನಮ್ಮ ಓಣಿಯಲ್ಲಿ ಅದು ಡ್ಯೂಕೋನೇ. ಬೇಗ ಒಣಗುವುದು ಅದರ ಗುಣ, ಮಳೆಗಾಲ ಅದರ ಶತ್ರು. ಥಿನ್ನರ್ ಆವಿಯಾಗುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಕಪ್ಪು ಕಾರು ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಪಕ್ಕದಲ್ಲೇ ವೃಷಭಾವತಿ. ಆಷಾಢದಲ್ಲಿ ಉಸ್ತಾದರು ಮಧ್ಯಾಹ್ನದ ಬಿಸಿಲು ಬಿಟ್ಟು ಬೇರೆ ಹೊತ್ತಿನಲ್ಲಿ ಗನ್ ಮುಟ್ಟುತ್ತಿರಲಿಲ್ಲ.

ಮೈಸೂರಿಗೂ ಬಣ್ಣಕ್ಕೂ ಹಳೆಯ ನಂಟಿದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. 1962ರ ಚುನಾವಣೆಯಿಂದ ದೇಶದ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಬರುತ್ತಿದೆ. ಅಳಿಯದ ಬಣ್ಣ ಮಾಡುವ ಊರಿಗೆ ಹೋಗುವ ರಸ್ತೆಯಲ್ಲಿ ಕೂತು ಬಣ್ಣದ ಕೆಲಸ ಮಾಡುವುದು ನನಗೆ ಇಂದಿಗೂ ಹೆಮ್ಮೆ.

ಇನ್ನು ಬ್ರೇಕು. ಆಗ ಬರುತ್ತಿದ್ದವು ಅಂಬಾಸಿಡರ್, ಫಿಯೆಟ್, ಮೆಟಡೋರ್. ಅಂಬಾಸಿಡರ್, ಫಿಯೆಟ್‌ಗಳಿಗೆ ನಾಲ್ಕು ಚಕ್ರಕ್ಕೂ ಡ್ರಮ್. ಮುಚ್ಚಿದ ಕಬ್ಬಿಣದ ಬೋಗುಣಿ, ಒಳಗೆ ಶೂ, ಶೂ ಮೇಲೆ ಲೈನರ್. ಹೊರಗೆ ಕಬ್ಬಿಣದ ಚಕ್ರ, ಅದರ ಮೇಲೆ ಹೊಳೆಯುವ ಕ್ಯಾಪು. ಚಕ್ರ ಬಿಚ್ಚಿದಾಗ ಡ್ರಮ್ಮಿಗೆ ಒಂದು ಕೈ ಕಪ್ಪು ಬಣ್ಣ ಹೊಡೆದರೆ ಹೊಡೆದೆವು, ಇಲ್ಲದಿದ್ದರೆ ಇಲ್ಲ. ಬ್ರೇಕ್ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಡ್ರೈವರ್ ಕಾಲಿನಿಂದ, ಮೆಕ್ಯಾನಿಕ್ ಕಿವಿಯಿಂದ ಹೇಳುತ್ತಿದ್ದರು. ಮಳೆಯಲ್ಲಿ ರಸ್ತೆಗೆ ನೀರು ನುಗ್ಗಿದ ದಿನ ಅಂಬಾಸಿಡರ್ ಚಾಲಕರು ನೀರು ದಾಟಿದ ಮೇಲೆ ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ಒಂದು ಫರ್ಲಾಂಗ್ ಓಡಿಸುತ್ತಿದ್ದರು, ಲೈನರ್ ಒಣಗಲೆಂದು. ಘಟ್ಟ ಇಳಿದು ಬಂದ ಗಾಡಿಗಳಿಗೆ ಸುಟ್ಟ ವಾಸನೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಡ್ರಮ್ ತೆಗೆದ ಕೂಡಲೇ ಕಂಪ್ರೆಸರ್ ಗಾಳಿಯಲ್ಲಿ ಧೂಳು ಊದುವುದು ನಮ್ಮಂಥ ಹುಡುಗರ ಕೆಲಸವಾಗಿತ್ತು. ಆ ಕಾಲದ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಕಲ್ನಾರಿನ ಸಣ್ಣ ಎಳೆ ಪುಪ್ಪುಸದಲ್ಲಿ ಕೂತರೆ ಹತ್ತಾರು ವರ್ಷ ಕಳೆದು ಕ್ಯಾನ್ಸರ್ ಆಗಿ ಏಳಬಹುದು. ಒಬ್ಬರೂ ನಮಗೆ ಹೇಳಲಿಲ್ಲ. ಮೂಗಿಗೆ ಬಟ್ಟೆಯಿಲ್ಲದೆ, ಬಾಗಿ, ಮುಖವನ್ನು ಡ್ರಮ್ಮಿನ ಹತ್ತಿರವಿಟ್ಟು ಊದಿದ್ದೇವೆ. ಇಂದು ಕಲ್ನಾರಿಲ್ಲದ ಪ್ಯಾಡುಗಳು ಬಂದಿದ್ದರೂ ನನ್ನ ಶೆಡ್ಡಿನಲ್ಲಿ ಬ್ರೇಕ್ ಧೂಳನ್ನು ಊದಲು ಬಿಡುವುದಿಲ್ಲ. ಒದ್ದೆ ಮಾಡಿ ಒರೆಸಿ ತೆಗೆಯುತ್ತೇವೆ.

ಡಿಸ್ಕ್ ಬ್ರೇಕು ನಮಗೆ ತಡವಾಗಿ ಬಂತೇ ಹೊರತು ಅದೇನೂ ಹೊಸದಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. 1953ರಲ್ಲಿ ಡನ್ಲಪ್ ಡಿಸ್ಕ್ ಹಾಕಿದ ಜಾಗ್ವಾರ್ ಕಾರು ಫ್ರಾನ್ಸಿನ ಲೆ ಮಾನ್ ರೇಸು ಗೆದ್ದ ಮೇಲೆ ಲೋಕದ ಕಣ್ಣು ಅದರ ಕಡೆ ತಿರುಗಿತು. ಡ್ರಮ್ಮು ಬಿಸಿಯನ್ನು ಒಳಗೇ ಇಟ್ಟುಕೊಳ್ಳುತ್ತದೆ. ಡಿಸ್ಕು ಬಯಲಲ್ಲಿ ತಿರುಗುವುದರಿಂದ ಗಾಳಿಗೆ ಆರುತ್ತದೆ, ನೀರನ್ನು ಕೊಡವಿಕೊಳ್ಳುತ್ತದೆ. ಅದನ್ನು ಎರಡು ಕಡೆಯಿಂದ ಪ್ಯಾಡುಗಳಲ್ಲಿ ಇಕ್ಕಳದಂತೆ ಹಿಡಿಯುವುದೇ ಕ್ಯಾಲಿಪರ್. ಬಯಲಲ್ಲಿರುವುದರಿಂದಲೇ ಅದಕ್ಕೆ ತುಕ್ಕು, ಕೆಸರು ಎಲ್ಲ ತಗಲುವುದು.

ನಮ್ಮ ಓಣಿಯಲ್ಲಿ ಡಿಸ್ಕು ಮಾಮೂಲಾದದ್ದು 1993ರ ಝೆನ್, 1998ರ ಸ್ಯಾಂಟ್ರೋ ಕಾಲದಲ್ಲಿ. 2000ದ ಆರಂಭದಲ್ಲಿ ಇದೇ ಮೈಸೂರು ರಸ್ತೆಯ ಬಿಡದಿಯಿಂದ ಟೊಯೋಟಾದ ಕ್ವಾಲಿಸ್ ಹೊರಬಂತು, ಟ್ಯಾಕ್ಸಿಯವರೆಲ್ಲ ಅದರ ಹಿಂದೆ ಬಿದ್ದರು. ಆದರೂ ಚಕ್ರ ಕಬ್ಬಿಣದ್ದೇ, ಕ್ಯಾಪು ಪ್ಲಾಸ್ಟಿಕ್ಕಿನದು, ಕ್ಯಾಲಿಪರ್ ಮರೆಯಲ್ಲೇ ಇತ್ತು. ಅದನ್ನು ಬೀದಿಗೆ ತಂದದ್ದು ಅಲಾಯ್ ವೀಲ್. ಕಡ್ಡಿಗಳ ಸಂದು ಅಗಲವಾದಂತೆ ಒಳಗಿನದು ಕಂಡಿತು, ಕಂಡದ್ದಕ್ಕೆ ಬಣ್ಣ ಬೇಕಾಯಿತು. ಇಟಲಿಯ ಬ್ರೆಂಬೊ ಕ್ಯಾಲಿಪರಿನ ಕೆಂಪು, ಪೋರ್ಶೆಯ ಸೆರಾಮಿಕ್ ಬ್ರೇಕಿನ ಹಳದಿ ಟೀವಿಯಲ್ಲಿ, ಆಮೇಲೆ ಮೊಬೈಲಿನಲ್ಲಿ ನಮ್ಮ ಹುಡುಗರ ಕಣ್ಣಿಗೆ ಬಿದ್ದವು. ಆ ಕಾರುಗಳಲ್ಲಿ ಬಣ್ಣ ಬ್ರೇಕಿನ ಜಾತಿ ಹೇಳುವ ಗುರುತು. ನಮ್ಮಲ್ಲಿ ಬಣ್ಣ ಮಾತ್ರ ಬಂತು.

ನಾನು ಮೊದಲ ಸಲ ಕ್ಯಾಲಿಪರಿಗೆ ಕೆಂಪು ಹೊಡೆದದ್ದು 2007ರಲ್ಲಿ. ಕಾರಿನ ಮೈಗೆ ಹೊಡೆದಂತೆ ಹೊಡೆದೆ. ಕ್ಯಾಲಿಪರ್ ಜಾರುವ ಪಿನ್ನಿನ ಮೇಲೂ, ಪ್ಯಾಡು ಕೂರುವ ಅಂಚಿನ ಮೇಲೂ ಬಣ್ಣ ಕೂತಿತು. ನೋಡಲು ಚೆಂದವಿತ್ತು. ಎರಡು ದಿನದ ಮೇಲೆ ಆ ಗಿರಾಕಿ ರಾಮನಗರದ ಹತ್ತಿರದಿಂದ ಫೋನ್ ಮಾಡಿದರು: ಎಡ ಚಕ್ರದಿಂದ ಹೊಗೆ. ಪ್ಯಾಡು ಹಿಂದಕ್ಕೆ ಸರಿಯದೆ ಡಿಸ್ಕನ್ನು ಹಿಡಿದುಕೊಂಡೇ ಓಡಿತ್ತು. ಕಾರಿನಲ್ಲಿ ಅವರ ತಾಯಿ ಇದ್ದರು. ಯಾರಿಗೂ ಏನೂ ಆಗಲಿಲ್ಲ. ಆ ರಾತ್ರಿ ಉಸ್ತಾದರ ಮಾತು ತಲೆಯಲ್ಲಿ ತಿರುಗುತ್ತಲೇ ಇತ್ತು. ಇಪ್ಪತ್ತಾರು ವರ್ಷ ಗಾಜಿಗೆ, ಲೈಟಿಗೆ ಪೇಪರ್ ಕಟ್ಟಿದವನು ಬ್ರೇಕಿನಲ್ಲಿ ಮುಚ್ಚಬಾರದ್ದು ಯಾವುದೆಂದು ಕೇಳಿಕೊಂಡೇ ಇರಲಿಲ್ಲ.

ಆಮೇಲೆ ಪಕ್ಕದ ಗ್ಯಾರೇಜಿನ ಬ್ರೇಕ್ ಮೆಕ್ಯಾನಿಕ್ ಜೊತೆ ಕೂತು ಹೊಸದಾಗಿ ಕಲಿತೆ. ಪಿಸ್ಟನ್ನಿನ ರಬ್ಬರು, ಜಾರುವ ಪಿನ್ನು, ಗಾಳಿ ಬಿಡುವ ನಿಪ್ಪಲ್, ಹೋಸು ಸೇರುವ ಬೋಲ್ಟು, ಪ್ಯಾಡಿನ ಅಂಚು, ಡಿಸ್ಕು, ಚಕ್ರ ಕೂರುವ ಮುಖ, ಇವಕ್ಕೆಲ್ಲ ಮೊದಲು ಪೇಪರು. ಬಿಚ್ಚಿದ ಕ್ಯಾಲಿಪರನ್ನು ಹೋಸಿನ ಮೇಲೆ ಜೋತುಬಿಡದೆ ಸ್ಪ್ರಿಂಗಿಗೆ ತಂತಿಯಲ್ಲಿ ಕಟ್ಟಬೇಕು. ನಾವೆಲ್ಲ ಬ್ರೇಕ್ ಆಯಿಲ್ ಎನ್ನುವುದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಒಂದು ಹನಿ ಸೋರಿದರೂ ಬಣ್ಣವನ್ನು ಉಬ್ಬಿಸಿ ಕೀಳಬಹುದು. ಕೆಲಸ ಮುಗಿದ ಮೇಲೆ ಗಾಡಿ ಕದಲಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು.

ಯಾವ ರೀತಿ ಮಾಡಿಸಲಿ ಎಂದು ಕೇಳುವವರಿಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅಂಟಿಸುವ ಪ್ಲಾಸ್ಟಿಕ್ ಕವರನ್ನು ನಾನು ಹಾಕುವುದಿಲ್ಲ. ಅದು ಬಿಸಿಗೆ ಸಡಿಲವಾಗುತ್ತದೆ, ಒಳಗೆ ಸೋರುವುದನ್ನೂ ಮರೆಮಾಡುತ್ತದೆ. ಪೌಡರ್ ಕೋಟಿಂಗ್ ಎಲ್ಲಕ್ಕಿಂತ ಗಟ್ಟಿ, ಕಾಮಾಕ್ಷಿಪಾಳ್ಯದ ಕಡೆ ಮಾಡಿಕೊಡುತ್ತಾರೆ. ಆದರೆ ಅದನ್ನು ಸುಮಾರು 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯಿಸಬೇಕು, ಅಂದರೆ ಪಿಸ್ಟನ್, ಸೀಲು ಎಲ್ಲ ತೆಗೆದು ಮತ್ತೆ ಹೊಸದು ಹಾಕಬೇಕು. ಸೀಲು ಬದಲಿಸುವ ಕಾಲ ಹೇಗೂ ಬಂದಿದ್ದರೆ ಮಾಡಿಸಿ. ಇಲ್ಲದಿದ್ದರೆ ಬಿಸಿ ತಡೆಯುವ ಬಣ್ಣವನ್ನು ಬ್ರಷ್ಷಿನಲ್ಲಿ ತೆಳುವಾಗಿ ಎರಡು ಮೂರು ಕೈ ಬಳಿದರೆ ಸಾಕು. ಗನ್ನಿಗಿಂತ ಬ್ರಷ್ಷು ಹೇಳಿದ ಮಾತು ಕೇಳುತ್ತದೆ. ಬಣ್ಣಕ್ಕಿಂತ ಮೊದಲು ತಂತಿ ಬ್ರಷ್ಷಿನಲ್ಲಿ ತುಕ್ಕು ತೆಗೆದು ತೊಳೆಯುವುದಕ್ಕೇ ಅರ್ಧ ದಿನ ಬೇಕು. ಬಾಡಿಯ ಬಣ್ಣ ಆರ್‌ಸಿಯಲ್ಲಿ ಬರೆದಿರುವುದರಿಂದ ಬದಲಿಸಿದರೆ ಆರ್‌ಟಿಓಗೆ ತಿಳಿಸಬೇಕು, ಕ್ಯಾಲಿಪರಿಗೆ ಆ ಕಟ್ಟಿಲ್ಲ. ನನ್ನನ್ನು ಕೇಳಿದರೆ ಬೆಳ್ಳಿ ಬಣ್ಣ, ಇಲ್ಲವೇ ಹಳದಿ. ತಿಳಿ ಬಣ್ಣದ ಮೇಲೆ ಹನಿ ಸೋರಿದರೂ, ಬಿರುಕು ಬಿಟ್ಟರೂ ಟೈರಿಗೆ ಗಾಳಿ ಹಾಕುವ ಹುಡುಗನ ಕಣ್ಣಿಗೂ ಬೀಳುತ್ತದೆ.

ಬಣ್ಣದ ಕೆಲಸದಲ್ಲಿ ಎಚ್ಚರ ಬ್ರೇಕಿಗೆ ಮಾತ್ರ ಸಾಲದು. 2020ರ ನವೆಂಬರಿನಲ್ಲಿ ಇಲ್ಲೇ ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕದ ಗೋದಾಮಿಗೆ ಬೆಂಕಿ ಬಿತ್ತು. ಕಪ್ಪು ಹೊಗೆ ಬಹು ದೂರಕ್ಕೆ ಕಂಡಿತು. ಮನೆಗಳ ನಡುವೆ ಥಿನ್ನರ್ ಇಟ್ಟುಕೊಂಡು ಬದುಕುವ ನಮಗೆ ಆ ದಿನ ಮರೆಯುವಂಥದ್ದಲ್ಲ. ಈಗ ದಿನದ ಕೆಲಸಕ್ಕೆ ಬೇಕಾದ ಡಬ್ಬ ಮಾತ್ರ ಶೆಡ್ಡಿನಲ್ಲಿಡುತ್ತೇನೆ.

ಸ್ವಿಫ್ಟ್ ತಂದ ಆ ಹುಡುಗನಿಗೆ ಬೆಳ್ಳಿ ಬಣ್ಣ ತೋರಿಸಿದೆ, ಅವನು ಕೆಂಪೇ ಬೇಕೆಂದ. ಇರಲಿ, ಕಾರು ಅವನದು. ಹಿಂದಿನ ಚಕ್ರ ತೆಗೆದಾಗ ಡ್ರಮ್ ನೋಡಿ ಅವನ ಮುಖ ಸಣ್ಣದಾಯಿತು, ಅಲ್ಲಿ ಕ್ಯಾಲಿಪರೇ ಇಲ್ಲ. ಉಸ್ತಾದರು ಅಂಬಾಸಿಡರಿಗೆ ಹೊಡೆಯುತ್ತಿದ್ದಂತೆ ಅದಕ್ಕೆ ಕಪ್ಪು ಹೊಡೆದೆ. ಎರಡನೇ ದಿನ ಸಂಜೆ ಅವನ ಪಕ್ಕ ಕೂತು ಮೈಸೂರು ರಸ್ತೆಗೆ ಕರೆದೊಯ್ದೆ. ಮೊದಲು ಮೆಲ್ಲಗೆ ಒತ್ತಿಸಿದೆ, ಆಮೇಲೆ ಗಟ್ಟಿಯಾಗಿ. ಮೆಟ್ರೋ ಕಂಬಗಳ ಕೆಳಗೆ ಎರಡು ಸುತ್ತು ಹಾಕಿ ಗಾಳಿ ಆಂಜನೇಯನ ಗುಡಿಯ ಹತ್ತಿರ ನಿಲ್ಲಿಸಿದೆವು. ಅವನು ನಿಂಬೆಹಣ್ಣು ತರಲು ಇಳಿದ. ನಾನು ಮುಂದಿನ ಎರಡು ಚಕ್ರಗಳ ಹತ್ತಿರ ಬಗ್ಗಿ ಕೈಯ ಹಿಂಬದಿ ಹಿಡಿದು ನೋಡಿದೆ. ಎಡಕ್ಕೂ ಬಲಕ್ಕೂ ಒಂದೇ ಬಿಸಿ ಇತ್ತು.