ಯಾರೂ ತೀರಿಕೊಂಡಿಲ್ಲ, ತಲೆ ಬೋಳಿಸಿದ್ದೇನೆ ಅಷ್ಟೇ

ಮೂವತ್ತನಾಲ್ಕನೇ ವಯಸ್ಸಿಗೆ ನನ್ನ ನೆತ್ತಿ ಕಾಣಲು ಶುರುವಾಯಿತು. ಸುದ್ದಿಗಾಗಿ ಬೈಕಿನಲ್ಲಿ ಓಡಾಡುವ ಕೆಲಸ. ಹೆಲ್ಮೆಟ್ ತೆಗೆದಾಗಲೆಲ್ಲ ಒಂದಷ್ಟು ಕೂದಲು ಅದರೊಳಗೇ ಉಳಿಯುತ್ತಿತ್ತು. ಎಡಗಡೆಯ ಕೂದಲನ್ನು ಉದ್ದ ಬಿಟ್ಟು ಬಲಗಡೆಗೆ ಬಾಚಿ ಮುಚ್ಚುತ್ತಿದ್ದೆ. ಗಾಳಿ ಬೀಸಿದರೆ ಎಲ್ಲ ಬಯಲು. ಒಂದು ದಿನ ಬೇಸತ್ತು ಊರಿನ ಸಲೂನಿಗೆ ಹೋಗಿ, ‘ಪೂರ್ತಿ ಬೋಳಿಸ್ಬುಡಣ್ಣ’ ಅಂದೆ.

ಅವರು ಕತ್ತರಿ ಕೆಳಗಿಟ್ಟರು. ‘ಅಪ್ಪಾರು ಚೆನ್ನಾಗವ್ರೆ ತಾನೆ?’

‘ಅವ್ರೆ.’

‘ಮತ್ತ್ಯಾಕಪ್ಪ? ಮನೇಲಿ ಒಂದ್ ಮಾತು ಕೇಳ್ಕಂಡು ಬಾ.’

ಮನೆಯಲ್ಲಿ ಅವ್ವ ಬಾಗಿಲಲ್ಲೇ ತಡೆದರು. ‘ನಿಮ್ಮಪ್ಪ ಗಟ್ಟಿಯಾಗವ್ರೆ. ಈಗ್ಲೇ ತಲೆ ಬೋಳಿಸ್ಕಂಡು ಯಾರ್ಗ್ ಕೇಡು ತರ್ತೀಯ?’

ತಲೆ ನನ್ನದು, ಉದುರುತ್ತಿರುವ ಕೂದಲೂ ನನ್ನದು. ಆದರೆ ಬೋಳಿಸುವ ತೀರ್ಮಾನ ಮಾತ್ರ ನನ್ನದಲ್ಲ. ಯಾಕೆ ಹೀಗೆ ಅಂತ ಓದುತ್ತಾ, ಹಿರಿಯರನ್ನು ಕೇಳುತ್ತಾ ಹೋದೆ. ಆಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ತಲೆ ಬೋಳಿಸುವುದಕ್ಕೆ ಮೊದಲಿನಿಂದಲೂ ಒಂದು ಕಾರಣ ಇರಲೇಬೇಕು. ಮಗುವಿಗೆ ಮೊದಲ ಕೂದಲು ತೆಗೆಸುತ್ತೇವೆ. ಕೆಲವರು ಅದನ್ನು ಚೌಲ ಅನ್ನುತ್ತಾರೆ, ಉತ್ತರ ಕರ್ನಾಟಕದ ಕಡೆ ಜವಳ. ತಂದೆ ತಾಯಿ ತೀರಿಕೊಂಡರೆ ಮಗ ತಲೆ ಕೊಡುತ್ತಾನೆ. ಹರಕೆ ಇದ್ದರೆ ಮಲೆ ಮಹದೇಶ್ವರ ಬೆಟ್ಟ, ನಂಜನಗೂಡು, ಧರ್ಮಸ್ಥಳ, ತಿರುಪತಿಯಲ್ಲಿ ಮುಡಿ ಕೊಡುತ್ತೇವೆ. ಸನ್ಯಾಸಿಗಳದ್ದು ಇನ್ನೊಂದು ದಾರಿ. ಶ್ರವಣಬೆಳಗೊಳಕ್ಕೆ ಬರುವ ಜೈನ ಮುನಿಗಳು ಕತ್ತಿಯನ್ನೇ ಮುಟ್ಟುವುದಿಲ್ಲ, ಕೂದಲನ್ನು ಕೈಯಿಂದಲೇ ಕೀಳುತ್ತಾರೆ. ಅದಕ್ಕೆ ಕೇಶಲೋಚ ಅನ್ನುತ್ತಾರೆ. ಪಿರಿಯಾಪಟ್ಟಣದ ಹತ್ತಿರ ಬೈಲಕುಪ್ಪೆಯಲ್ಲಿ 1961ರ ಸುಮಾರಿಗೆ ಬಂದು ನೆಲೆಸಿದ ಟಿಬೆಟಿಯನ್ನರ ಭಿಕ್ಷುಗಳು ನುಣ್ಣಗೆ ಬೋಳಿಸಿಕೊಳ್ಳುತ್ತಾರೆ.

ಹುಟ್ಟು, ಸಾವು, ಹರಕೆ, ಸನ್ಯಾಸ. ಈ ನಾಲ್ಕರಲ್ಲಿ ಒಂದೂ ಇಲ್ಲದೆ ಬೋಳು ತಲೆಯಲ್ಲಿ ಬೀದಿಗೆ ಬಂದರೆ ಜನಕ್ಕೆ ಗೊಂದಲವಾಗುತ್ತದೆ. ಅದಕ್ಕೇ ‘ಯಾರ್ ತೀರ್ಕಂಡ್ರು?’ ಅನ್ನುವ ಪ್ರಶ್ನೆ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಅವರಿಗೆ ಗೊತ್ತಿರುವ ಕಾರಣಗಳೇ ಅಷ್ಟು.

ಹಾಗಾದರೆ ನಮ್ಮ ತಾತ, ಮುತ್ತಾತಂದಿರಿಗೆ ಕೂದಲು ಉದುರುತ್ತಿರಲಿಲ್ಲವೇ? ಉದುರುತ್ತಿತ್ತು. ಸಂಸ್ಕೃತದಲ್ಲಿ ಬೊಕ್ಕ ತಲೆಯವನಿಗೆ ಖಲ್ವಾಟ ಅನ್ನುವ ಪದವೇ ಇದೆ. ಭರ್ತೃಹರಿಯ ನೀತಿಶತಕದಲ್ಲಿ ಬಿಸಿಲು ತಾಳಲಾರದೆ ಮರದಡಿಗೆ ಹೋದ ಬೊಕ್ಕ ತಲೆಯವನೊಬ್ಬನ ಮೇಲೆ ಆ ಮರದ ಹಣ್ಣೇ ಬಿದ್ದ ಕಥೆ ಬರುತ್ತದೆ. ರೋಮ್‌ನ ಜೂಲಿಯಸ್ ಸೀಸರ್‌ಗೂ ಇದೇ ಚಿಂತೆ. ತನಗೆ ಸಿಕ್ಕ ಗೌರವಗಳಲ್ಲೆಲ್ಲ ಎಲೆಯ ಕಿರೀಟವನ್ನು ಯಾವಾಗಲೂ ಧರಿಸುವ ಹಕ್ಕು ಅವನಿಗೆ ಹೆಚ್ಚು ಇಷ್ಟವಾಗಿತ್ತು, ಅದು ಬೋಳನ್ನು ಮುಚ್ಚುತ್ತಿತ್ತು ಅಂತ ಇತಿಹಾಸಕಾರ ಸ್ಯುಟೋನಿಯಸ್ ಬರೆದಿದ್ದಾನೆ.

ಆದರೆ ನಮ್ಮ ಕಡೆ ಇದು ಅಷ್ಟು ದೊಡ್ಡ ಸಂಗತಿ ಆಗಿರಲಿಲ್ಲ ಅನ್ನಿಸುತ್ತದೆ. ನೂರು, ನೂರಿಪ್ಪತ್ತು ವರ್ಷದ ಹಿಂದಿನ ಫೋಟೋ ನೋಡಿ. ಅನೇಕ ಜಾತಿಗಳ ಗಂಡಸರು ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಡುತ್ತಿದ್ದರು. ಮುಂದಲೆಯನ್ನು ಹೇಗೂ ಕತ್ತಿ ಬೋಳಿಸುತ್ತಿತ್ತು, ಕೂದಲು ತಾನಾಗಿ ಉದುರಿದರೆ ಯಾರಿಗೆ ಗೊತ್ತಾಗಬೇಕು? ಅದರ ಮೇಲೆ ರುಮಾಲು, ಪೇಟ, ಇಲ್ಲವೇ ಹೊಲಕ್ಕೆ ಹೋಗುವಾಗ ಸುತ್ತುವ ಟವೆಲ್. ಸರ್ ಎಂ. ವಿಶ್ವೇಶ್ವರಯ್ಯ ಅಂದರೆ ಕಣ್ಣ ಮುಂದೆ ಬರುವುದು ಅವರ ಮೈಸೂರು ಪೇಟವೇ ಹೊರತು ಕೂದಲಲ್ಲ.

ಆಮೇಲೆ ಇಂಗ್ಲಿಷ್ ಶಾಲೆ, ಸರ್ಕಾರಿ ನೌಕರಿಯ ಜೊತೆಗೆ ‘ಕ್ರಾಪು’ ಬಂತು. ಮೊದಮೊದಲು ಕ್ರಾಪು ಬಿಟ್ಟವರನ್ನು ಕೆಟ್ಟರು ಅಂತ ಬೈದವರಿದ್ದರು. ಮುಂದೆ ಅದೇ ನಿಯಮವಾಯಿತು. ಪೇಟ ಪೆಟ್ಟಿಗೆ ಸೇರಿತು, ಸಲೂನಿಗೆ ದೊಡ್ಡ ಕನ್ನಡಿ ಬಂತು, ಸಿನಿಮಾ ಬಂತು. ಅಲ್ಲಿಂದ ಮುಂದಲೆಯಲ್ಲಿ ಕೂದಲಿದ್ದರೆ ಮಾತ್ರ ಗಂಡಸು ಚೆನ್ನ ಅಂತಾಯಿತು. ಅಂದರೆ ನಾನು ಬಾಚಿ ಬಾಚಿ ಮುಚ್ಚುತ್ತಿದ್ದ ಮುಂದಲೆಯನ್ನು ನನ್ನ ಮುತ್ತಾತ ಕಾಸು ಕೊಟ್ಟೋ ಕಾಳು ಕೊಟ್ಟೋ ಬೋಳಿಸಿಕೊಳ್ಳುತ್ತಿದ್ದ. ಇದು ಗೊತ್ತಾದ ದಿನ ನನಗೆ ಅರ್ಧ ಸಮಾಧಾನವಾಯಿತು.

ಇದೇ ಕತ್ತಿಯ ಇನ್ನೊಂದು ಚರಿತ್ರೆಯನ್ನೂ ಹೇಳಲೇಬೇಕು. ಬ್ರಾಹ್ಮಣರಲ್ಲಿ ಮತ್ತು ಅವರ ಪದ್ಧತಿ ಹಿಡಿದ ಕೆಲವು ಮನೆತನಗಳಲ್ಲಿ ಗಂಡ ಸತ್ತರೆ ಹೆಂಡತಿಯ ತಲೆ ಬೋಳಿಸುತ್ತಿದ್ದರು. ಕೆಂಪು ಸೀರೆ, ಒಂದು ಹೊತ್ತಿನ ಊಟ, ಮುಚ್ಚಿದ ತಲೆ. ಗಂಡನ ಮುಖವನ್ನೇ ಸರಿಯಾಗಿ ನೋಡಿರದ ಎಳೆಯ ಹುಡುಗಿಯರನ್ನೂ ಬಿಡಲಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಮಲೆನಾಡಿನ ಅಂಥ ಒಬ್ಬ ಬಾಲವಿಧವೆಯ ಬದುಕಿನ ಕಥೆ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು.

ಇದನ್ನು ವಿರೋಧಿಸಿದವರಲ್ಲಿ ಕತ್ತಿ ಹಿಡಿದವರೂ ಇದ್ದರು. 1890ರ ಸುಮಾರಿಗೆ ಮುಂಬೈಯಲ್ಲಿ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳತ್ವದಲ್ಲಿ ಕ್ಷೌರಿಕರು ಸೇರಿ, ವಿಧವೆಯರ ತಲೆ ಇನ್ನು ಮುಂದೆ ಬೋಳಿಸುವುದಿಲ್ಲ ಅಂತ ತೀರ್ಮಾನ ಮಾಡಿದರು. ‘ನಮ್ಮ ಕೈಯಲ್ಲಿ ಈ ಕೆಲಸ ಆಗಲ್ಲ’ ಅಂತ ದುಡಿಯುವವರೇ ಹೇಳಿದ್ದು ಸಣ್ಣ ಮಾತಲ್ಲ.

ಈ ನೆನಪು ಇನ್ನೂ ಹೋಗಿಲ್ಲ. ನಮ್ಮ ಚಿಕ್ಕಮ್ಮನಿಗೆ ಕ್ಯಾನ್ಸರ್ ಆಗಿ ಕೀಮೋ ಕೊಡುತ್ತಿದ್ದಾಗ ದಿಂಬಿನ ಮೇಲೆ ಕೂದಲು ಗೊಂಚಲು ಗೊಂಚಲಾಗಿ ಬೀಳುತ್ತಿತ್ತು. ಅದನ್ನು ದಿನಾ ನೋಡಲಾರದೆ, ಅಕ್ಕನನ್ನು ಕರೆದು ಟ್ರಿಮ್ಮರ್‌ನಲ್ಲಿ ಪೂರ್ತಿ ತೆಗೆಸಿದರು. ನೋಡಲು ಬಂದ ನೆಂಟರೊಬ್ಬರು, ‘ಮುತ್ತೈದೆ ಹಿಂಗ್ ಮಾಡ್ಕಬೋದಾ?’ ಅಂದರು. ಚಿಕ್ಕಮ್ಮ ಹೇಳಿದ್ದು ಇಷ್ಟೇ: ‘ಬೀಳೋವರ್ಗೂ ಕಾಯ್ಕಂಡ್ ಕೂತ್ರೆ ಕಾಯಿಲೆ ಗೆದ್ದಂಗೆ. ನಾನೇ ತೆಗ್ಸಿದ್ರೆ ನನ್ ಮಾತು ಗೆದ್ದಂಗೆ.’ ಈಗ ಅವರಿಗೆ ಜಡೆ ಹಾಕುವಷ್ಟು ಕೂದಲು ಬಂದಿದೆ.

ತಲೆಯ ಮೇಲಿನ ಹಕ್ಕು ಎಲ್ಲರಿಗೂ ಒಂದೇ ಥರ ಸಿಕ್ಕಿಲ್ಲ ಅನ್ನುವುದಕ್ಕೆ ಗಾಂಧೀಜಿ ಬರೆದ ಒಂದು ಪ್ರಸಂಗ ಇದೆ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಅವರ ಕೂದಲು ಕತ್ತರಿಸಲು ಒಪ್ಪಲಿಲ್ಲ. ಅವರು ಒಂದು ಯಂತ್ರ ಕೊಂಡು ಕನ್ನಡಿ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಹಿಂಭಾಗ ಕೆಟ್ಟಿತು, ಕೋರ್ಟಿನಲ್ಲಿ ಗೆಳೆಯರು ಇಲಿ ತಿಂದಿತಾ ಅಂತ ನಕ್ಕರು. ಆದರೆ ಆ ಕ್ಷೌರಿಕನದ್ದು ತಪ್ಪು ಅಂತ ಅವರಿಗೆ ಅನ್ನಿಸಲಿಲ್ಲ. ನಮ್ಮ ದೇಶದಲ್ಲಿ ನಾವೇ ಅಸ್ಪೃಶ್ಯರಿಗೆ ಕ್ಷೌರ ಮಾಡಲು ಬಿಡುವುದಿಲ್ಲವಲ್ಲ ಅಂತ ನೆನೆದರು. ಇವತ್ತಿಗೂ ನಮ್ಮ ಕಡೆಯ ಕೆಲವು ಹಳ್ಳಿಗಳ ದಲಿತ ಹುಡುಗರು ಕ್ರಾಪು ಹೊಡೆಸಲು ಬಸ್ ಹತ್ತಿ ಪಟ್ಟಣಕ್ಕೆ ಹೋಗುತ್ತಾರೆ. ಆ ಸುದ್ದಿ ಬರೆಯುವ ಕೆಲಸ ನನ್ನದೇ ಆದ್ದರಿಂದ ಇಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗಲಿಲ್ಲ.

ಇನ್ನು ಔಷಧಿಯ ವಿಷಯ. ಗಂಡಸರ ಬೊಕ್ಕ ತಲೆಗೂ ಗಂಡು ಹಾರ್ಮೋನಿಗೂ ಸಂಬಂಧ ಇದೆ ಅಂತ 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ತೋರಿಸಿದರು. ಅದರ ಜೊತೆಗೆ ಮನೆತನದಿಂದ ಬಂದದ್ದೂ ಸೇರುತ್ತದೆ. ಹೆಲ್ಮೆಟ್ಟಿನದ್ದು ತಪ್ಪಿಲ್ಲ. ರಕ್ತದೊತ್ತಡಕ್ಕೆ ಅಂತ ಮಾಡಿದ ಮಿನಾಕ್ಸಿಡಿಲ್‌ಗೆ 1988ರಲ್ಲಿ, ಫಿನಾಸ್ಟೆರೈಡ್ ಮಾತ್ರೆಗೆ 1997ರಲ್ಲಿ ಕೂದಲಿನ ಔಷಧಿಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಕೆಲಸ ಮಾಡುತ್ತವೆ, ನಿಲ್ಲಿಸಿದರೆ ಉಳಿದಿದ್ದ ಕೂದಲೂ ಮತ್ತೆ ಉದುರುತ್ತದೆ. ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ ಅನ್ನುವ ಮಾತೂ ಸುಳ್ಳು. ಮಿಲ್ಡ್ರೆಡ್ ಟ್ರಾಟರ್ ಅನ್ನುವ ವಿಜ್ಞಾನಿ 1928ರಲ್ಲೇ ಪರೀಕ್ಷಿಸಿ ನೋಡಿದ್ದರು. ಒಂದು ಕಡೆ ಮಾತ್ರ ರೂಪಾಯಿ ಅಗಲಕ್ಕೆ ಇದ್ದಕ್ಕಿದ್ದಂತೆ ಉದುರಿದರೆ ಅದು ಬೇರೆ ಕಾಯಿಲೆ, ಚರ್ಮದ ಡಾಕ್ಟರಿಗೆ ತೋರಿಸಿ.

ಬೋಳಿನ ನೋವನ್ನು ಕನ್ನಡದಲ್ಲಿ ತೆರೆದು ಹೇಳಿದ್ದು 2017ರ ‘ಒಂದು ಮೊಟ್ಟೆಯ ಕಥೆ’. ರಾಜ್ ಬಿ. ಶೆಟ್ಟಿ ತಾವೇ ಬರೆದು ನಿರ್ದೇಶಿಸಿ ನಟಿಸಿದರು. ಹೆಣ್ಣು ಸಿಗದ ಕನ್ನಡ ಮೇಷ್ಟ್ರ ಕಥೆ. ಅದುವರೆಗೆ ನಮ್ಮ ಸಿನಿಮಾಗಳಲ್ಲಿ ಬೋಳು ತಲೆ ಹೆಚ್ಚಾಗಿ ಖಳನದ್ದು, ಇಲ್ಲವೇ ನಗಿಸುವವನದ್ದು. ನನಗೂ ಎರಡು ಸಂಬಂಧ ಕೈತಪ್ಪಿವೆ. ಕಾರಣ ಯಾರೂ ಹೇಳಲಿಲ್ಲ. ಫೋಟೋ ಕಳಿಸಿದ ಮೇಲೆ ಫೋನ್ ಬರಲಿಲ್ಲ, ಅಷ್ಟೇ.

ಕೊನೆಗೆ ದಾರಿ ಹುಡುಕಿದ್ದು ಅವ್ವನೇ. ‘ಮಾದಪ್ಪಂಗೆ ಮುಡಿ ಕೊಡು. ಆಗ ಯಾರೂ ಕೇಳಲ್ಲ.’ ಅಮಾವಾಸ್ಯೆಗೆ ಬೆಟ್ಟಕ್ಕೆ ಹೋದೆವು. ನನ್ನ ಮುಂದೆ ಒಂದು ಮಗು, ಹಿಂದೆ ಒಬ್ಬ ಅಜ್ಜಿ. ಅಜ್ಜಿಯ ಮುಡಿಯ ಪಕ್ಕ ನನ್ನದು ಹಿಡಿಯಷ್ಟೂ ಇರಲಿಲ್ಲ. ಹೀಗೆ ಕೊಟ್ಟ ಕೂದಲನ್ನು ದೇವಸ್ಥಾನಗಳು ಹರಾಜು ಹಾಕುತ್ತವೆ, ಅದು ಬೇರೆ ದೇಶಗಳವರೆಗೂ ಹೋಗಿ ವಿಗ್ ಆಗಿ ಇನ್ನೊಂದು ಬೋಳು ತಲೆ ಮುಚ್ಚುತ್ತದೆ. ನನ್ನದು ಅದಕ್ಕೂ ಆಗದು ಅಂತ ಅವ್ವನೂ ನಾನೂ ನಕ್ಕೆವು.

ನಿಜವಾದ ತೀರ್ಮಾನ ಅದಲ್ಲ. ಮೂರು ವಾರಕ್ಕೆ ಕಿವಿಯ ಮೇಲೆ ಕೂದಲು ಬಂತು, ನೆತ್ತಿ ಹಾಗೇ ಇತ್ತು. ಈ ಸಲ ಸಾವಿಲ್ಲ, ಹರಕೆಯೂ ಇಲ್ಲ. ಸಲೂನಿಗೆ ಹೋಗಿ ಕೂತೆ. ಅವರು ಏನೂ ಕೇಳದೆ ಹೊಸ ಬ್ಲೇಡು ಮುರಿದು ಕತ್ತಿಗೆ ಹಾಕಿದರು.

ಮನೆಗೆ ಬಂದಾಗ ಅಪ್ಪ ಜಗುಲಿ ಮೇಲಿದ್ದರು. ನನ್ನ ತಲೆ ನೋಡಿದರು, ತಮ್ಮ ತಲೆಯ ಟವೆಲ್ ಬಿಚ್ಚಿ ತಮ್ಮ ಬೊಕ್ಕ ನೆತ್ತಿ ಸವರಿಕೊಂಡರು. ‘ಬಿಸ್ಲಲ್ಲಿ ಸುಡ್ತದೆ ಕನ ಮಗ’ ಅಂದು ಟವೆಲನ್ನು ನನ್ನ ಕೈಗೆ ಕೊಟ್ಟರು.