ಖಾಲಿ ಬಟ್ಟಲಿನ ಚರಿತ್ರೆ: ಜಂತರ್ ಮಂತರ್‌ನಿಂದ ಸ್ಕೇಟ್‌ಪಾರ್ಕ್‌ವರೆಗೆ

ದೆಹಲಿಯ ಕಿದ್ವಾಯಿ ನಗರದಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಸ್ಕೇಟ್‌ಪಾರ್ಕ್. "ಹುಡುಗರ ಆಟದಲ್ಲಿ ಏನ್ರೀ ಚರಿತ್ರೆ?" ಅಂತ ನೀವು ಕೇಳಬಹುದು. ಅದನ್ನೇ ನೋಡೋಣ ಬನ್ನಿ.

ನಮ್ಮ ಬಡಾವಣೆಯಿಂದ ಆರೇಳು ಕಿಲೋಮೀಟರ್ ದೂರದಲ್ಲಿ ಜಂತರ್ ಮಂತರ್ ಇದೆ. ಸವಾಯಿ ಜೈಸಿಂಗ್ 1724ರ ಸುಮಾರಿಗೆ ಕಟ್ಟಿಸಿದ್ದು. ಅಲ್ಲಿನ ಜಯಪ್ರಕಾಶ ಯಂತ್ರ ಅಂದ್ರೆ ಎರಡು ಅರ್ಧಗೋಳದ ಬಟ್ಟಲುಗಳು, ಆಕಾಶದ ಲೆಕ್ಕ ಹಿಡಿಯೋದಕ್ಕೆ. 1949ರಲ್ಲಿ ಭಾರತಕ್ಕೆ ಬಂದ ಶಿಲ್ಪಿ ಇಸಾಮು ನೊಗುಚಿ ಜಂತರ್ ಮಂತರ್‌ನ ಫೋಟೋ ತೆಗೆದರು. ನೆಲವೇ ಶಿಲ್ಪ ಆಗಬೇಕು, ಮಕ್ಕಳು ಅದರ ಮೇಲೆ ಆಡಬೇಕು ಅನ್ನೋದು 1933ರಿಂದಲೂ ಅವರ ಕನಸು. ಅಟ್ಲಾಂಟಾದಲ್ಲಿ ಅವರ ಆಟದ ಅಂಗಳ ತೆರೆದದ್ದು 1976ರಲ್ಲಿ.

ಅದೇ 1976ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಸ್ಕೇಟ್‌ಪಾರ್ಕ್ ಶುರುವಾಯ್ತು. ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾನು ಹೇಳ್ತಿಲ್ಲ. ಆದರೆ ಬಾಗಿದ ಕಾಂಕ್ರೀಟನ್ನು ಕಲೆಯಾಗಿ ನೋಡೋ ಕಣ್ಣು ಎರಡಕ್ಕೂ ಬೇಕು. ಆಗ ಅಲ್ಲಿ ಬರಗಾಲ, ಈಜುಕೊಳಗಳು ಖಾಲಿ. ಹುಡುಗರು ಬೇಲಿ ಹಾರಿ ಕೊಳಕ್ಕಿಳಿದರು. ಕ್ರೇಗ್ ಸ್ಟೆಸಿಕ್, ಗ್ಲೆನ್ ಫ್ರೀಡ್‌ಮನ್ ಅವರ ಕ್ಯಾಮೆರಾಗಳೂ ಜೊತೆಗೆ ಇಳಿದವು. ಆ ಫೋಟೋಗಳಿಂದಲೇ ಜಗತ್ತಿಗೆ ಆ ಆಕಾರದ ಪರಿಚಯವಾಯ್ತು.

ಬಟ್ಟಲು ಕಟ್ಟೋದು ಹೇಗೆ ಗೊತ್ತಾ? ಕಬ್ಬಿಣದ ಸರಳಿನ ಬಲೆ ಕಟ್ಟಿ, ಕೊಳವೆಯಿಂದ ಕಾಂಕ್ರೀಟ್ ಸಿಡಿಸಿ, ಗಟ್ಟಿಯಾಗೋ ಮುಂಚೆ ಕೈಯಲ್ಲೇ ಉಜ್ಜಿ ತಿದ್ದಬೇಕು. ಗಾರೆ ಕೆಲಸದವರ ಕೈಚಳಕ ಅದು. ಅದಕ್ಕೇ ಒಂದರ ಹಾಗೆ ಇನ್ನೊಂದು ಇರಲ್ಲ. ಅಮೀರ್ ಜಾಕಿ ಅನ್ನೋ ಛಾಯಾಗ್ರಾಹಕರು 2019ರ ತಮ್ಮ ಪುಸ್ತಕದಲ್ಲಿ ಜನರಿಲ್ಲದ ಸ್ಕೇಟ್‌ಪಾರ್ಕ್‌ಗಳನ್ನು ತೋರಿಸಿದ್ರು. ಆಟಗಾರ ಇಲ್ಲದಿದ್ದಾಗ ನೆರಳು ಮಾತಾಡುತ್ತೆ. ಎಲ್ಲಿ ಇಳಿಜಾರು, ಎಲ್ಲಿ ಅಂಚು ಅನ್ನೋದು ಕಾಣುತ್ತೆ. ಆಟದ ಜಾಗ ಕಟ್ಟಡವಾಗುತ್ತೆ.

ಹಾಗೆ ನೋಡೋದ್ರಿಂದ ಏನು ಲಾಭ? ಉಳಿಯೋದೋ ಅಳಿಯೋದೋ ಅನ್ನೋದು ಅದರ ಮೇಲೇ ನಿಂತಿದೆ. ಲಂಡನ್ನಿನ ಹಾರ್ನ್‌ಚರ್ಚ್‌ನಲ್ಲಿ 1978ರಲ್ಲಿ ಕಟ್ಟಿದ 'ರೋಮ್' ಸ್ಕೇಟ್‌ಪಾರ್ಕ್ 2014ರಲ್ಲಿ ಸಂರಕ್ಷಿತ ಕಟ್ಟಡವಾಯ್ತು, ಯುರೋಪಿನಲ್ಲೇ ಮೊದಲು. ಅಮೆರಿಕದ ಟ್ಯಾಂಪಾದ 'ಬ್ರೋ ಬೌಲ್' 2013ರಲ್ಲಿ ಐತಿಹಾಸಿಕ ಪಟ್ಟಿಗೆ ಸೇರಿದ್ರೂ 2015ರಲ್ಲಿ ನೆಲಸಮವಾಯ್ತು. ಹತ್ತಿರದಲ್ಲೇ ಅದರ ಪ್ರತಿರೂಪ ಕಟ್ಟಿದ್ದಾರೆ, ಆದರೆ ಮೂಲದ್ದು ಹೋಯ್ತು.

ನಮ್ಮಲ್ಲಿ? ಬೆಂಗಳೂರಲ್ಲಿ 2013ರಲ್ಲಿ 'ಹೋಲಿಸ್ಟೋಕ್ಡ್' ಬಳಗ, ಹೊರದೇಶದ ಸ್ಕೇಟರ್‌ಗಳ ಜೊತೆ ಸೇರಿ, ಲೀವೈಸ್ ನೆರವಿನಿಂದ ಪಾರ್ಕ್ ಕಟ್ಟಿತು. 2015ರಲ್ಲಿ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಹಳ್ಳಿಗೂ ಸ್ಕೇಟ್‌ಪಾರ್ಕ್ ಬಂತು. ಇವನ್ನೆಲ್ಲ ಚರಿತ್ರೆ ಅಂತ ಯಾರು ಬರೆದಿಡ್ತಾರೆ?

ಪೂರ್ವ ಕಿದ್ವಾಯಿ ನಗರದಲ್ಲಿ ಹಳೇ ಸರ್ಕಾರಿ ಕ್ವಾರ್ಟರ್ಸ್ ಒಡೆದು ಬಹುಮಹಡಿ ಎಬ್ಬಿಸಿದ್ರು. ಲೋದಿ ಕಾಲದ ದರಿಯಾ ಖಾನ್ ಗೋರಿ ಉಳೀತು, ಸ್ಮಾರಕ ಅಂತ ಗುರುತಿಸಿದ್ರಿಂದ. ಕ್ವಾರ್ಟರ್ಸ್ ನಡುವೆ ಮಕ್ಕಳು ಆಡಿದ ಅಂಗಳಗಳಿಗೆ ಆ ಭಾಗ್ಯ ಇಲ್ಲ. ಆಟದ ಜಾಗಕ್ಕೆ ದಾಖಲೆ ಇಲ್ಲ ಅಂದ್ರೆ, ಅದು ಹೋದಾಗ ಕೇಳೋರೂ ಇರಲ್ಲ.

ಹಾಗಾಗಿ ನಿಮ್ಮೂರಲ್ಲಿ ಸ್ಕೇಟ್‌ಪಾರ್ಕ್ ಇದ್ರೆ, ಬೆಳಗಿನ ಓರೆ ಬಿಸಿಲಲ್ಲಿ, ಖಾಲಿ ಇದ್ದಾಗ ಒಂದು ಫೋಟೋ ತೆಗೀರಿ. ತಾರೀಖು, ಜಾಗ ಬರೆದಿಡಿ. ಮುಂದಿನ ಮಾತಿನಲ್ಲಿ ಸಿಗೋಣ.